ಅತ್ತೆಯ ಟ್ಯಾಬಿಗೆ ಬಂದ ಮೇಲ್

ನನ್ನ ಫೋನಿನಲ್ಲಿ ಬೇಡದ ಆ್ಯಪ್ ಒಂದು ದಿನವೂ ಉಳಿಯುವುದಿಲ್ಲ. ಹೊಸ ಫೋನ್ ಕೈಗೆ ಬಂದ ತಕ್ಷಣ ನಾನು ಮಾಡುವ ಮೊದಲ ಕೆಲಸವೆಂದರೆ, ಕಂಪನಿಯವರು ಕೇಳದೆಯೇ ತುಂಬಿ ಕಳಿಸಿದ್ದನ್ನೆಲ್ಲ ಹಿಡಿಹಿಡಿದು ಆಚೆಗೆ ಎಸೆಯುವುದು. ಹೆಜ್ಜೆ ಎಣಿಸುವುದು, ಷೇರು ತೋರಿಸುವುದು, ಎಂಥದೋ ಆಟ, ಎಲ್ಲ ಹೋಗುತ್ತವೆ. ಹೋಗದೆ ಜಿಗಣೆಯ ಹಾಗೆ ಕಚ್ಚಿಕೊಂಡು ಕೂರುವುದು ಲಕೋಟೆಯ ಚಿತ್ರದ ಆ ಮೇಲ್ ಆ್ಯಪ್ ಒಂದೇ. ಎಷ್ಟು ಹೊತ್ತು ಒತ್ತಿ ಹಿಡಿದರೂ ಅದನ್ನು ಅಳಿಸಲು ಬಿಡುವುದಿಲ್ಲ. ದುಡ್ಡು ನಮ್ಮದು, ಫೋನು ನಮ್ಮದು, ನಾನು ಬೇಡ ಅಂದರೆ ಆಗಲ್ಲ ಅನ್ನಲು ಇವನ್ಯಾರು ಎಂದು ಎಷ್ಟೋ ಸಲ ಬೈದಿದ್ದೇನೆ. ಈಗ ಬೈಯುವುದಿಲ್ಲ.

ಮದುವೆಯಾಗಿ ಬಹಳ ವರ್ಷಗಳಾದ ಮೇಲೆ, ಆಸ್ಪತ್ರೆಗಳಿಗೆ ಅಲೆದು ಸಾಕಾಗಿ, ನಾನೂ ನನ್ನ ಗಂಡನೂ ಮಗುವೊಂದನ್ನು ದತ್ತು ತೆಗೆದುಕೊಳ್ಳಲು ಹೆಸರು ಬರೆಸಿದೆವು. ಅದೇ ವಾರ ಜಯನಗರದ ಒಂದು ಮೊಬೈಲ್ ಅಂಗಡಿಯಲ್ಲಿ ಟ್ಯಾಬ್ ಕೊಂಡಿದ್ದೆವು. "ಹೊಸ ಮೇಲ್ ಐಡಿ ಮಾಡ್ಕೊಡ್ಲಾ ಮೇಡಂ?" ಎಂದು ಅಂಗಡಿಯವನು ಕೇಳಿದ. ಮಾಡು ಅಂದೆ. ನಮ್ಮಲ್ಲಿ ಮುಕ್ಕಾಲು ಪಾಲು ಜನರಿಗೆ ಐಡಿ ಹುಟ್ಟುವುದೇ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ. ಪಾಸ್‌ವರ್ಡ್ ಅವನೇ ಯೋಚಿಸಿದ, ಅವನೇ ಒತ್ತಿದ, ಅವಸರಕ್ಕೆ ತನ್ನದೇ ಫೋನ್ ನಂಬರನ್ನೂ ಹಾಕಿದ. ಟ್ಯಾಬಿನ ಆ ಲಕೋಟೆಯಲ್ಲೂ ನನ್ನ ಫೋನಿನಲ್ಲೂ ಐಡಿಯನ್ನು ಕೂರಿಸಿಕೊಟ್ಟ. ಪಾಸ್‌ವರ್ಡ್ ಏನು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನನ್ನ ಹಳೆಯ ಐಡಿಯಲ್ಲಿ ಸೀರೆ ಸೇಲಿನ ಜಾಹೀರಾತು ತುಂಬಿ ತುಳುಕುತ್ತಿದ್ದುದರಿಂದ ದತ್ತು ಅರ್ಜಿಗೆ ಈ ಚೊಕ್ಕ ಹೊಸ ಐಡಿಯನ್ನೇ ಕೊಟ್ಟೆ.

ಅತ್ತೆಗೆ ವಿಷಯ ಹೇಳಲು ಗೊಟ್ಟಿಗೆರೆಗೆ ಹೋದೆವು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿ, ಕೆಳಗಿನದನ್ನೆಲ್ಲ ಬಾಡಿಗೆಗೆ ಬಿಟ್ಟು, ಮೇಲಿನ ಮನೆಯಲ್ಲಿ ಮಹಾರಾಣಿಯ ಹಾಗೆ ಇರುವವರು ನಮ್ಮತ್ತೆ. ಬಾಡಿಗೆದಾರರೆಲ್ಲ ಅವರೆದುರು ಗಟ್ಟಿಯಾಗಿ ಕೆಮ್ಮುವುದಿಲ್ಲ. ಎಲ್ಲ ಕೇಳಿಸಿಕೊಂಡು, "ಕಂಡೋರ್ ಮಗೀನ ತಂದು ಸಾಕಿ ಏನ್ ಕಡ್ದು ಗುಡ್ಡೆ ಹಾಕ್ತೀರಿ?" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಗಂಡ ತೋಳು ಹಿಡಿದು ಎಬ್ಬಿಸಿಕೊಂಡು ಬಂದರು. ಆಮೇಲೆ ಅತ್ತೆಯೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಬ್ಬಕ್ಕೆ ಹೋದರೆ ಒಬ್ಬಟ್ಟು ತಟ್ಟುವಾಗಲೂ ನಮ್ಮಿಬ್ಬರ ನಡುವೆ ಆ ಮಾತು ಕೂತೇ ಇರುತ್ತಿತ್ತು.

ಅತ್ತೆಗೆ ಕಣ್ಣಿನ ಆಪರೇಷನ್ ಆದಾಗ ಸೀರಿಯಲ್ ನೋಡಲೆಂದು ಆ ಟ್ಯಾಬ್ ಅವರ ಕೈಸೇರಿತು. ಕೊಡುವ ಮುಂಚೆ ನನ್ನ ಅಭ್ಯಾಸದಂತೆ ಎಲ್ಲ ಗುಡಿಸಿ ತೊಳೆದೆ. ಲಕೋಟೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಹಾಳಾಗಿ ಹೋಗು, ಬಿದ್ದಿರು ಅಂತ ಬಿಟ್ಟೆ.

ವರ್ಷಗಳು ಕಳೆದವು. ಮೇಲ್ ಏನೂ ಬರಲಿಲ್ಲ. ಆಮೇಲೆ ಒಂದು ಸೋಮವಾರ ಬನಶಂಕರಿಯಲ್ಲಿ ಬಸ್ ಹತ್ತುವ ನೂಕಾಟದಲ್ಲಿ ನನ್ನ ಫೋನ್ ಯಾರೋ ಎಗರಿಸಿದರು. ಮಂಗಳವಾರ ಹೊಸ ಫೋನ್ ತಂದು ಅದೇ ನಂಬರಿನ ಸಿಮ್ ಹಾಕಿಸಿದೆ. ಮೋಸ ತಡೆಯಲೆಂದು ಹೊಸ ಸಿಮ್ಮಿಗೆ ಒಂದು ದಿನ ಮೆಸೇಜ್ ಬರುವುದಿಲ್ಲ ಎಂದರು. ಸರಿ ಅಂದೆ. ಅದರಲ್ಲಿ ಆ ಮೇಲ್ ಐಡಿ ಕೂರಿಸಲು ಹೋದರೆ ಪಾಸ್‌ವರ್ಡ್ ಕೇಳಿತು. ಮರೆತಿದ್ದೇನೆ ಎಂದು ಒತ್ತಿದರೆ ಅಂಗಡಿಯವನ ನಂಬರಿಗೆ ಕೋಡ್ ಕಳಿಸಿದೆ ಅಂತು. ಆ ನಂಬರ್ ಚಾಲ್ತಿಯಲ್ಲಿಲ್ಲ. ಅಂಗಡಿಯನ್ನೇ ಹುಡುಕಿಕೊಂಡು ಹೋದರೆ ಅಲ್ಲಿ ಜ್ಯೂಸ್ ಸೆಂಟರ್ ಆಗಿತ್ತು. ಇಷ್ಟು ವರ್ಷ ಬರದ ಮೇಲ್ ಈ ವಾರವೇ ಬರುತ್ತಾ, ನಿಧಾನಕ್ಕೆ ನೋಡೋಣ ಎಂದು ಒಂದು ಲೋಟ ಕಬ್ಬಿನಹಾಲು ಕುಡಿದು ಬಂದೆ.

ಗುರುವಾರ ಮಧ್ಯಾಹ್ನ ನಾನು ಕೆಲಸ ಮಾಡುವ ಜಯನಗರದ ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಂಕಲ್‌ಗೆ ಫ್ರೇಮ್ ತೋರಿಸುತ್ತಿದ್ದೆ. ಫೋನ್ ಬಂತು. ದತ್ತು ವಿಚಾರಣೆಗೆಂದು ನಮ್ಮ ಜೆ.ಪಿ. ನಗರದ ಮನೆಗೆ ಬಂದು ಹೋಗಿದ್ದ ಸಮಾಜ ಕಾರ್ಯಕರ್ತೆ.

"ಮೇಡಂ, ಯಾಕಿನ್ನೂ ಒಪ್ಪಿಗೆ ಕೊಟ್ಟಿಲ್ಲ? ಬೇಡ್ವಾ?"

"ಏನ್ ಬೇಡ್ವಾ?"

"ಮಗು ಮೇಡಂ! ಮಂಗಳವಾರ ಸಂಜೆಯೇ ಮೇಲ್, ಮೆಸೇಜ್ ಎರಡೂ ಬಂದಿದೆ. ಹೆಣ್ಣು ಮಗು. ಎರಡು ದಿನ ಟೈಮು. ಇವತ್ತು ಐದು ಗಂಟೆಯೊಳಗೆ ನೀವು ಒಪ್ಕೊಳ್ದೆ ಇದ್ರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗ್ಬಿಡುತ್ತೆ."

ಗೋಡೆ ಗಡಿಯಾರ ನೋಡಿದೆ. ಮೂರಾಗಲು ಸ್ವಲ್ಪವೇ ಇತ್ತು. ಫೋನ್ ಕಳೆದದ್ದು, ಪಾಸ್‌ವರ್ಡ್ ಇಲ್ಲದ್ದು ಎಲ್ಲ ಒಂದೇ ಉಸಿರಿಗೆ ಹೇಳಿ, ನೀವೇ ಏನಾದರೂ ಮಾಡಿ ಎಂದು ಅಂಗಲಾಚಿದೆ.

"ನನ್ ಕೈಲಿ ಏನೂ ಇಲ್ಲ ಮೇಡಂ. ವೆಬ್‌ಸೈಟ್ ಒಳಗೆ ಹೋಗಕ್ಕೆ ಕೋಡ್ ಬರೋದೇ ಆ ಮೇಲ್ ಐಡಿಗೆ. ಅದು ಬೇರೆ ಎಲ್ಲಾದ್ರೂ ಓಪನ್ ಇದ್ಯಾ ನೋಡಿ."

ಆಗ ನೆನಪಾಯಿತು ಲಕೋಟೆ. ಅತ್ತೆಯ ಟ್ಯಾಬಿನಲ್ಲಿ ನಾನು ಬೈದು ಬಿಟ್ಟಿದ್ದ ಲಕೋಟೆ.

ಅತ್ತೆಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಅಂಕಲ್ ಕೈಯಲ್ಲಿ ಫ್ರೇಮ್ ಇಟ್ಟು, ಮಾಲೀಕರಿಗೆ ಏನು ಹೇಳಿದೆನೋ ನೆನಪಿಲ್ಲ, ಸ್ಕೂಟರ್ ಹತ್ತಿದೆ. ಜಯದೇವ ಸಿಗ್ನಲ್ಲಿನಲ್ಲಿ ನಿಂತಾಗ ಗಂಡನಿಗೆ ಫೋನ್ ಹಚ್ಚಿದೆ. ಅವರು ಹೊಸೂರು ರಸ್ತೆಯ ಕಾರ್ಖಾನೆಯಲ್ಲಿದ್ದರು. ವಿಷಯ ಹೇಳಿದೆ.

"ರೀ, ಅತ್ತೆ ಟ್ಯಾಬಲ್ಲಿ ಆ ಮೇಲ್ ಇನ್ನೂ ಇರ್ಬೇಕು, ಅಲ್ಲಿಗೇ ಹೋಗ್ತಿದೀನಿ."

"ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ರು ಕಣೇ. ಟ್ಯಾಬ್ ನಿಂತ್ ನಿಂತ್ ಹೋಗ್ತಿದೆ, ಕೆಳಗಡೆ ಮನೆ ಹುಡುಗಿಗೆ ಕೊಡ್ತೀನಿ, ಎಲ್ಲಾ ಅಳಿಸಿ ಹೊಸದರ ಥರ ಮಾಡ್ಕೊಡ್ತಾಳಂತೆ ಅಂದ್ರು." ಅವರ ದನಿ ಇಳಿಯಿತು. "ನಾನೇ ಮಾಡ್ಸಿ ಅಂದೆ."

ಹಸಿರು ಬಿದ್ದಿತ್ತು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಫೋನನ್ನು ಬ್ಯಾಗಿಗೆ ತುರುಕಿ ಗಾಡಿ ಓಡಿಸಿದೆ.

ಬನ್ನೇರುಘಟ್ಟ ರಸ್ತೆಯಲ್ಲಿ ಯಾವ ಹೊತ್ತಿಗೆ ಹೋದರೂ ಅದೇ ಕಥೆ. ಅರಕೆರೆ ಗೇಟಿನ ಹತ್ತಿರ ಎರಡು ಬಸ್ಸು ಅಕ್ಕಪಕ್ಕ ನಿಂತು ದಾರಿಗೆ ಬಾಗಿಲು ಹಾಕಿದ್ದವು. ಒಬ್ಬ ಆಟೋದವನು, "ಅಕ್ಕಾ, ಎಲ್ಲಿಗ್ ಹಾರ್ತೀರಾ, ಎಲ್ರೂ ಇಲ್ಲೇ ಇದೀವಿ" ಅಂದ. ಅವನಿಗೆ ಎಂಥದೋ ಕೆಟ್ಟ ಮಾತು ಅಂದೆ. ಹುಳಿಮಾವಿನವರೆಗೂ ತೆವಳಿದ್ದೇ ಬಂತು. ತಲೆಯೊಳಗೆ ಒಂದೇ ಯೋಚನೆ ಗಿರಕಿ ಹೊಡೆಯುತ್ತಿತ್ತು. ಆ ಹುಡುಗಿ ಅಳಿಸಿಬಿಟ್ಟಿದ್ದರೆ? ಅವಳು ಅಳಿಸದಿದ್ದರೂ ಅತ್ತೆ? ಮೇಲ್ ಬಂದದ್ದು ಕಂಡು, ಮಗುವಿನ ವಿಷಯ ಎಂದು ಗೊತ್ತಾಗಿ, ಅವರೇ ಬೇಕಂತ ಕೊಟ್ಟಿದ್ದರೆ? ಇಷ್ಟು ವರ್ಷ ಬಿಟ್ಟು ಇವತ್ತೇ ಯಾಕೆ ಟ್ಯಾಬ್ ಹೊಸದಾಗಬೇಕು? ಸ್ಕೂಟರ್ ಮೇಲೆಯೇ ಅಳು ಬಂತು. ಅಳುತ್ತಲೇ ಅವರನ್ನು ಬೈದೆ, ಹೆಲ್ಮೆಟ್ ಒಳಗೆ ನನಗೊಬ್ಬಳಿಗೇ ಕೇಳುವ ಹಾಗೆ.

ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ಮೊದಲು ಕೆಳಗಿನ ಮನೆಯ ಬಾಗಿಲು ಬಡಿಯಲು ಹೋದೆ. ಹುಬ್ಬಳ್ಳಿ ಕಡೆಯ ಹುಡುಗಿ, ಬಿಟಿಎಂನಲ್ಲಿ ಕೆಲಸ. ಬಾಗಿಲಿಗೆ ಬೀಗ ಜೋತಾಡುತ್ತಿತ್ತು. ಮೆಟ್ಟಿಲು ಹತ್ತಿ ಮೇಲೆ ಓಡಿದೆ. ಅತ್ತೆ ತಾರಸಿಯಲ್ಲಿ ಒಣಗಿದ ಮೆಣಸಿನಕಾಯಿಯನ್ನು ಮೊರಕ್ಕೆ ಬಾಚಿಕೊಳ್ಳುತ್ತಿದ್ದರು.

"ಅತ್ತೆ, ಟ್ಯಾಬ್ ಎಲ್ಲಿ?"

"ಇದೇನವ್ವಾ, ಹೇಳ್ದೆ ಕೇಳ್ದೆ! ಮುಖ ನೋಡು ಹೆಂಗಾಗೈತೆ. ನೀರ್ ಕುಡಿ ಮೊದ್ಲು."

"ಟ್ಯಾಬ್ ಎಲ್ಲಿ ಅಂದೆ!" ನಾನು ಅತ್ತೆಯ ಮೇಲೆ ಕೂಗಿದ್ದು ಅದೇ ಮೊದಲು. ಪಕ್ಕದ ತಾರಸಿಯವರು ತಿರುಗಿ ನೋಡಿದರು.

"ಕೆಳಗಡೆ ಹುಡುಗೀಗೆ ಕೊಟ್ಟಿದ್ದೆ ಬೆಳಿಗ್ಗೆ."

ನಾನು ಮೆಣಸಿನಕಾಯಿಯ ಪಕ್ಕದಲ್ಲೇ ನೆಲಕ್ಕೆ ಕುಸಿದೆ. "ಅಳಿಸಿಬಿಟ್ಲಾ?" ಅಂದೆ.

"ಎಲ್ ಅಳಿಸ್ತಾಳೆ? ಇಸ್ಕೊಂಡ್ ಬಂದೆ." ಅತ್ತೆ ಮೊರ ಕೆಳಗಿಟ್ಟರು. "ಎಲ್ಲಾ ಹೋಗುತ್ತೆ ಅಜ್ಜಿ ಅಂದ್ಲು. ಅದ್ರಲ್ಲಿ ಒಂದ್ ಕೂಸೈತಲ್ಲ, ಅದೂ ಹೋಯ್ತದಾ ಅಂದೆ. ಹೂಂ ಅಂದ್ಲು. ಹಂಗಾದ್ರೆ ಬ್ಯಾಡ ತಾಯಿ, ನಿಂತ್ ನಿಂತೇ ಓಡ್ಲಿ ಅಂತ ಕಿತ್ಕೊಂಡ್ ಬಂದೆ."

ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮೇಲೆ, ಟವೆಲಿನಲ್ಲಿ ಸುತ್ತಿಟ್ಟಿದ್ದರು. ಬ್ಯಾಟರಿ ಕೆಂಪಗಾಗಿತ್ತು. ಚಾರ್ಜರ್ ಸಿಕ್ಕಿಸಿ ಲಕೋಟೆ ಒತ್ತಿದೆ. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮೇಲ್ ತೆರೆಯಿತು. ಅಕ್ಷರದ ಕೆಳಗೆ ಫೋಟೋ. ಹಳದಿ ಕುಲಾವಿ, ಗುಂಡು ಮುಖ. ಫೋಟೋ ತೆಗೆದವರ ಮೇಲೆ ಸಿಟ್ಟಾದ ಹಾಗೆ ಹುಬ್ಬು ಗಂಟಿಕ್ಕಿತ್ತು.

"ಮಂಗಳವಾರ ಸೀರಿಯಲ್ ನೋಡ್ತಿದ್ನಾ, ಟಿಂಗ್ ಅಂತ ಮೇಲ್ಗಡೆ ಬಂತು. ಮುಟ್ಟಿದ್ರೆ ಈ ಕೂಸು. ಇಂಗ್ಲೀಸು ನಂಗೇನ್ ಗೊತ್ತಾಯ್ತದೆ? ಅವತ್ತಿಂದ ದಿನಾ ತೆಗ್ದು ನೋಡ್ತೀನಿ." ಅತ್ತೆ ನನ್ನ ಭುಜದ ಮೇಲಿಂದ ಬಗ್ಗಿದರು. "ಯಾರ್ದವ್ವ ಇದು?"

ಇಲ್ಲಿ ನನಗೆ ಭಯವಾಯಿತು. ಹೇಳಿದರೆ ಏನಂದಾರೋ, ಈ ಹೊತ್ತಿನಲ್ಲಿ ಆ ಹಳೆಯ ಮಾತು ಮತ್ತೆ ಬಂದರೆ ನಾನು ತಡೆದುಕೊಳ್ಳುವುದಿಲ್ಲ. ಆದರೆ ಸುಳ್ಳು ಬಾಯಿಗೆ ಬರಲಿಲ್ಲ.

"ನಂದು ಅತ್ತೆ," ಅಂದೆ. "ಐದು ಗಂಟೆವರೆಗೆ ಮಾತ್ರ ನಂದು. ಅಷ್ಟರಲ್ಲಿ ಹೂಂ ಅನ್ನದೆ ಇದ್ರೆ ಬೇರೆಯವರ್ದು."

ಅತ್ತೆ ಗೋಡೆ ಗಡಿಯಾರ ನೋಡಿದರು. ನನ್ನನ್ನು ನೋಡಿದರು.

"ಮತ್ತೆ ಬಾಯ್ ಬಿಟ್ಕೊಂಡ್ ಕೂತಿದೀಯಲ್ಲ! ಅನ್ನು!"

ನನ್ನ ಫೋನಿನಲ್ಲಿ ವೆಬ್‌ಸೈಟ್ ತೆರೆದು ಕೋಡ್ ಕಳಿಸಲು ಒತ್ತಿದೆ. ಇಬ್ಬರೂ ಟ್ಯಾಬನ್ನೇ ನೋಡುತ್ತ ಕೂತೆವು. ಏನೂ ಬರಲಿಲ್ಲ. ಅತ್ತೆ ಮನೆದೇವರು ಮಾದಪ್ಪನನ್ನು ಕರೆದರು. ಮತ್ತೊಮ್ಮೆ ಒತ್ತಿದೆ. ಟಿಂಗ್ ಅಂತು. ಅವಸರದಲ್ಲಿ ಅಂಕಿ ತಪ್ಪು ಒತ್ತಿದೆ. ಅತ್ತೆ ಟ್ಯಾಬ್ ಎತ್ತಿಕೊಂಡು, ಬಾಡಿಗೆದಾರರ ಕರೆಂಟ್ ಮೀಟರ್ ಓದುವ ದನಿಯಲ್ಲಿ ಒಂದೊಂದೇ ಅಂಕಿ ಹೇಳಿದರು, ನಾನು ಒತ್ತಿದೆ. ಒಳಗೆ ಹೋಯಿತು. ಒಪ್ಪಿಗೆ ಎಂಬಲ್ಲಿ ಮುಟ್ಟಿದೆ. ಹಸಿರು ಗುರುತು ಬಂತು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಗಂಡನಿಗೆ ಫೋನ್ ಮಾಡಿದರೆ ಆ ಕಡೆಯೂ ಅದೇ. ನಮ್ಮತ್ತೆ ಮಾತ್ರ ಅಳಲಿಲ್ಲ. ಒಳಗೆ ಹೋಗಿ ಕಾಫಿ ಕಾಯಿಸಿ ತಂದರು. ಹಳೆಯ ಮಾತನ್ನು ಅವರು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕಾಫಿಗೆ ಸಕ್ಕರೆ ಜಾಸ್ತಿಯಾಗಿತ್ತು.

ಹೊರಡುವಾಗ ಟ್ಯಾಬನ್ನು ಬ್ಯಾಗಿಗೆ ಹಾಕಿಕೊಳ್ಳಲು ಹೋದೆ. ಮುಂದಿನ ಕಾಗದಪತ್ರವೂ ಆ ಮೇಲಿಗೇ ಬರುವುದು, ಇನ್ನು ಅದನ್ನು ಕಣ್ಣಿಂದ ಆಚೆ ಬಿಡುವ ಧೈರ್ಯ ನನಗಿರಲಿಲ್ಲ. ಅತ್ತೆ ಇನ್ನೊಂದು ತುದಿ ಹಿಡಿದುಕೊಂಡರು.

"ಕೊಡಿ ಅತ್ತೆ, ನಿಮಗೆ ಬೇರೆ ಹೊಸದು ತಂದ್ಕೊಡ್ತೀನಿ."

"ಟಿಂಗ್ ಅಂದ್ರೆ ನಾನೇ ಫೋನ್ ಮಾಡ್ತೀನಿ, ಎಷ್ಟೊತ್ತಾದ್ರೂ ಸರಿ. ಇದು ಇಲ್ಲೇ ಇರ್ಲಿ." ಬಿಗಿಯಾಗಿ ಎಳೆದುಕೊಂಡು ಟವೆಲ್ ಸುತ್ತಿದರು. "ನಿಂಗ್ ಕೂಸೇ ಬತ್ತೈತಲ್ಲ. ಫೋಟೋನಾದ್ರೂ ನಂಗಿರ್ಲಿ."