ಗೋಲ್ಕೊಂಡದ ಚಪ್ಪಾಳೆ

ಓದುಗರಲ್ಲಿ ಮೊದಲೇ ಒಂದು ಅರಿಕೆ. ಸೇಡಂ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ದೆವ್ವ, ಶಕುನ, ಮಾಟ ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆ ಸುದ್ದಿ ತಾಲೂಕಿನ ದೆವ್ವಗಳಿಗೂ ಮುಟ್ಟಿತ್ತೆಂದು ಕಾಣುತ್ತದೆ, ಒಂದೂ ನನ್ನ ತಂಟೆಗೆ ಬರಲಿಲ್ಲ. ಯಾರಾದರೂ ಹುಣಸೆಮರದ ಕತೆ ತಂದರೆ ಗಾಳಿಯ ಒತ್ತಡದ ಪಾಠ ಹೇಳಿ ಕಳಿಸುತ್ತಿದ್ದೆ. ಈಗ ಇದನ್ನು ಓದಿ ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕರೆ ನಗಲಿ, ಅವರಿಗೆ ಆ ಹಕ್ಕಿದೆ.

ನಮ್ಮಪ್ಪ ನಿಜಾಮರ ಕಾಲದ ಕಡೆಯ ಗದ್ದಲದ ದಿನಗಳಲ್ಲಿ ಕೆಲಸಕ್ಕೆಂದು ಹೈದರಾಬಾದಿಗೆ ಹೋದವರು ಮರಳಲಿಲ್ಲ. ಆಗ ನಾನಿನ್ನೂ ತೊಟ್ಟಿಲ ಕೂಸು. ಸತ್ತರೆಂಬ ಸುದ್ದಿಯೂ ಇಲ್ಲ, ಇದ್ದಾರೆಂಬ ಸುದ್ದಿಯೂ ಇಲ್ಲ. ಅಂದಿನಿಂದ ಅವ್ವ ರಾತ್ರಿ ತಲಬಾಗಿಲಿಗೆ ಅಗಳಿ ಹಾಕಗೊಡಲಿಲ್ಲ. ಕದ ಬರೇ ಮುಂದೆ ಮಾಡಿ, ಅದರ ಹತ್ತಿರವೇ ಚಾಪೆ ಹಾಸಿಕೊಳ್ಳುವಳು. ನಾಯಿ ಬೊಗಳಿದರೆ ಏಳುವಳು, ಗಾಳಿ ಬೀಸಿದರೆ ಏಳುವಳು. ನಾನು ಬೆಳೆದು, ನೌಕರಿ ಹಿಡಿದು, ಮದುವೆಯಾಗುವ ಹೊತ್ತಿಗೆ ಅವಳ ಕಣ್ಣುಗಳು ಗುಳಿಬಿದ್ದಿದ್ದವು. ನಿದ್ದೆಯೊಂದೇ ಇವರಿಗೆ ಔಷಧ ಅಂದರು ಡಾಕ್ಟರು. ಆ ಔಷಧ ಕಲಬುರ್ಗಿಯ ಅಂಗಡಿಗಳಲ್ಲೂ ಇರಲಿಲ್ಲ. ಅಗಳಿ ಯಾಕೆ ಬೇಡ ಎಂದು ಕೇಳಿದರೆ, "ನಿನಗ ತಿಳಿಯಂಗಿಲ್ಲ ಬಿಡೋ ತಮ್ಮಾ" ಎಂದು ಮಾತು ಮುರಿಯುವಳು.

ಒಮ್ಮೆ ಹೈದರಾಬಾದು ತೋರಿಸಿಕೊಂಡು ಬರೋಣ, ಮನಸ್ಸು ಹಗುರಾದೀತು ಎಂದು ನನ್ನ ಹೆಂಡತಿ ಶಾಂತಾ ಸೂಚಿಸಿದಳು. ರಾಜ್ಯಗಳು ಬದಲಾದಾಗ ಇನ್ನು ಮುಂದೆ ನಿಮ್ಮ ರಾಜಧಾನಿ ಬೆಂಗಳೂರು ಎಂದು ಸರಕಾರ ನಮಗೆ ತಿಳಿಸಿತ್ತು. ಸೇಡಂ ಜನ ಅದನ್ನು ಮರ್ಯಾದೆಯಿಂದ ಕೇಳಿಕೊಂಡು, ಮದುವೆ ಸೀರೆಗೂ ಹಲ್ಲುನೋವಿಗೂ ಮೊದಲಿನಂತೆ ಹೈದರಾಬಾದಿನ ರೈಲನ್ನೇ ಹತ್ತುತ್ತಿದ್ದರು. ಆದರೆ ಅವ್ವ ಆ ಊರಿನ ಕಡೆ ಮುಖ ಹಾಕಿದವಳಲ್ಲ. ಈ ಸಲ ಯಾಕೋ ಒಪ್ಪಿದಳು. ಪಕ್ಕದ ಮನೆಯ ಕಾಶವ್ವನಿಗೆ ನಮ್ಮ ಬಾಗಿಲ ಬಳಿ ಮಲಗಲು ಹೇಳಿ, ಅಗಳಿ ಹಾಕಬಾರದೆಂದು ಎರಡೆರಡು ಸಲ ತಾಕೀತು ಮಾಡಿ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ಹೊರಟಳು.

ಮರುದಿನ ಮುಂಜಾನೆ ಹೈದರಾಬಾದಿನಲ್ಲಿ ಪ್ರವಾಸಿ ಬಸ್ಸು ಹಿಡಿದೆವು. ಒಂದೇ ದಿನದಲ್ಲಿ ನಾಲ್ಕು ನೂರು ವರ್ಷದ ರಾಜಧಾನಿಯನ್ನು ತೋರಿಸಿ ಮುಗಿಸುವ ಬಸ್ಸು ಅದು. ಸುಲ್ತಾನರು ಸಾವಕಾಶ ಕಟ್ಟಿದ್ದನ್ನು ಗೈಡ್ ಸಾಹೇಬರು ಲಗುಲಗು ವಿಲೇವಾರಿ ಮಾಡುತ್ತಿದ್ದರು. ಚಾರ್‌ಮಿನಾರಿನ ಎದುರು ಎಲ್ಲರೂ ಕತ್ತು ಮೇಲೆತ್ತಿದರು. ಅವ್ವ ಕೆಳಗೆ ಹಾದುಹೋಗುವ ಮುದುಕರ ಮುಖ ನೋಡುತ್ತಿದ್ದಳು. ಅಜಾಯಬ್ ಘರ್ ಎಂದು ಜನ ಕರೆಯುವ ಮ್ಯೂಸಿಯಮ್ಮಿನಲ್ಲಿ ದೊಡ್ಡದೊಂದು ಗಡಿಯಾರ. ತಾಸಿಗೊಮ್ಮೆ ಅದರೊಳಗಿಂದ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಅದನ್ನು ನೋಡಲು ಜನ ಕಿಕ್ಕಿರಿದು ಕುಳಿತಿದ್ದರು. ಇಷ್ಟು ಮಂದಿ ಯಾಕೆ ಕುಂತಾರ ಎಂದು ಅವ್ವ ಕೇಳಿದಳು. ಗಂಟೆ ಬಾರಿಸುವವನು ಬರುವುದನ್ನು ಕಾಯುತ್ತಿದ್ದಾರೆ ಎಂದೆ.

"ಬರ್ತಾನಂತ ಗೊತ್ತಿದ್ದರ, ಕಾಯೋದು ಏನ್ ಭಾಳ ಅಲ್ಲ ಬಿಡು" ಅಂದಳು.

ಮಧ್ಯಾಹ್ನ ಇಳಿಯುವಾಗ ಗೋಲ್ಕೊಂಡಕ್ಕೆ ಬಂದೆವು. ಬಾಗಿಲ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳುತ್ತದೆ, ಒಂದು ಹೆಜ್ಜೆ ಆಚೀಚೆ ಸರಿದರೆ ಕೇಳುವುದಿಲ್ಲ ಎಂದರು ಗೈಡ್. ಧ್ವನಿಶಾಸ್ತ್ರದ ಈ ಪ್ರಯೋಗದ ಹೊಣೆ ಸಹಜವಾಗಿಯೇ ನನ್ನ ಮೇಲೆ ಬಿತ್ತು. ಅತ್ತೆ ಸೊಸೆ ಬಸ್ಸಿನವರ ಜೊತೆ ಮೆಟ್ಟಿಲು ಹತ್ತಿದರು. ನಾನು ಒಂದು ಕೈಯಲ್ಲಿ ಬುತ್ತಿಗಂಟು, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಕೆಳಗೆ ನಿಂತೆ. ಗುಮ್ಮಟದ ಕೆಳಗೆ ನನ್ನನ್ನೂ, ಬೀಡಿ ಹಚ್ಚುತ್ತಿದ್ದ ಗೈಡ್ ಸಾಹೇಬರನ್ನೂ ಬಿಟ್ಟರೆ ಬೇರೆ ನರಪಿಳ್ಳೆ ಇರಲಿಲ್ಲ. ಬಹಳ ಹೊತ್ತಿನ ಮೇಲೆ ತುದಿಯಲ್ಲಿ ಅವ್ವನ ಹಸಿರು ಸೀರೆ ಕಂಡಿತು. ಇನ್ನೇನು ಗಂಟು ಕೆಳಗಿಡಬೇಕು, ಅಷ್ಟರಲ್ಲಿ ಕೇಳಿತು, ಕೇಳಿತು ಎನ್ನುವಂತೆ ಶಾಂತಾ ಮೇಲಿನಿಂದ ಸೆರಗು ಬೀಸತೊಡಗಿದಳು.

ನಾನಿನ್ನೂ ಚಪ್ಪಾಳೆ ತಟ್ಟಿರಲಿಲ್ಲ.

ಆಮೇಲೆ ಕರ್ತವ್ಯವೆಂದು ಅಂಗೈ ಕೆಂಪಾಗುವ ತನಕ ತಟ್ಟಿದೆ. ಮೇಲೆ ಯಾರೂ ಮಿಸುಕಲಿಲ್ಲ.

ಇಳಿದು ಬಂದ ಶಾಂತಾ ಅಂದಳು: "ಮಗ್ಗಲದಾಗ ನಿಂತು ಹೊಡದಂಗ ಕೇಳಿಸ್ತು ನೋಡ್ರಿ ನಿಮ್ಮ ಚಪ್ಪಾಳಿ. ಎರಡು ಸಲ, ತುಸು ತಡದು ಮತ್ತೊಂದು. ಅಷ್ಟಕ್ಕ ಯಾಕ ಬಿಟ್ರಿ?" ನಾನು ಅವ್ವನ ಮುಖ ನೋಡಿದೆ. ಅವಳು ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು ನೀರು ಕುಡಿದಳು.

ಮರಳಿ ಬರುವಾಗ, ತಾಂಡೂರು ದಾಟಿದ ಮೇಲೆ, ರೈಲಿನಲ್ಲಿ ತಾನಾಗಿಯೇ ಹೇಳಿದಳು. ಆಗಿನ ಕಾಲದಲ್ಲಿ ಹಿರಿಯರ ಎದುರು ಗಂಡನಾದವನು ಹೆಂಡತಿಯ ಹೆಸರು ಹಿಡಿದು ಕರೆಯುವಂತಿರಲಿಲ್ಲ. ನಮ್ಮಪ್ಪ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ. ಬರೇ ಎರಡು ತಟ್ಟಿದರೆ ಬಂದೆ, ಕಾಲಿಗೆ ನೀರು ತಾ ಎಂದು. ಎರಡು ತಟ್ಟಿ, ತಡೆದು ಮತ್ತೊಂದು ತಟ್ಟಿದರೆ ಹೊರಟೆ, ಅಗಳಿ ಹಾಕಿಕೋ ಎಂದು.

"ಕಡೀಗೆ ಹ್ವಾದ ದಿನ ನಿನಗ ಜ್ವರ. ಆಗಷ್ಟೇ ಕಣ್ಣು ಮುಚ್ಚಿದ್ದಿ. ಕೂಸಿಗೆ ಎಚ್ಚರಾದೀತಂತ ಚಪ್ಪಾಳಿ ಹೊಡೀದನ ಹ್ವಾದ್ರು. ಹೇಳದನ ಹೋದವರ ಹಿಂದ ನಾ ಹ್ಯಾಂಗ ಅಗಳಿ ಹಾಕಲೋ ತಮ್ಮಾ?" ಆಮೇಲೆ ಕಿಟಕಿಯ ಹೊರಗೆ ನೋಡುತ್ತ, "ಇವತ್ತ ಹೇಳಿದ್ರು" ಅಂದಳು.

ಆ ರಾತ್ರಿ ಅಗಳಿಯನ್ನು ಅವಳೇ ಹಾಕಿದಳು. ತುಕ್ಕು ಹಿಡಿದಿತ್ತು, ನಾನೂ ಕೈ ಕೊಡಬೇಕಾಯಿತು. ಮರುದಿನ ಹಾಲಿನವನು ಕದ ಬಡಿಬಡಿದು ನಮ್ಮನ್ನೆಲ್ಲ ಎಬ್ಬಿಸಿದ. ಅವ್ವ ಮಾತ್ರ ಬಿಸಿಲು ಅಂಗಳಕ್ಕೆ ಬರುವ ತನಕ ಮಲಗಿದ್ದಳು. ಶಾಂತಾ ಎರಡು ಸಲ ಹೋಗಿ, ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡಿ ಬಂದಳು. ಸುದ್ದಿ ತಿಳಿದು ಬಂದ ಅಪ್ಪನ ತಮ್ಮ, ನಮ್ಮ ಕಾಕಾ, ಹಾಗಾದರೆ ಇನ್ನು ಕುಂಕುಮದ ಮಾತೇನು ಎಂದು ಗಂಭೀರವಾಗಿ ಎತ್ತಿದರು. "ಹೊಂಟೀನಿ ಅಂದಾರ. ಇಲ್ಲ ಅಂದಿಲ್ಲಲ್ಲ" ಎಂದು ಅವ್ವ ಅವರಿಗೆ ಚಹಾ ಕೊಟ್ಟಳು.

ಅಪ್ಪನ ಚಪ್ಪಾಳೆಯ ಕತೆ ಶಾಂತಾಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎಲ್ಲೋ ಯಾರೋ ಪ್ರವಾಸಿ ತಟ್ಟಿದ್ದು ಎಂದುಕೊಂಡರೆ, ಗುಮ್ಮಟದ ಕೆಳಗೆ ಇದ್ದವರು ಕೈತುಂಬ ಗಂಟು ಹಿಡಿದ ನಾನು, ಬೀಡಿ ಹಿಡಿದ ಗೈಡ್, ಇಬ್ಬರೇ. ನಿವೃತ್ತಿಯಾಗುವ ತನಕ ವರ್ಷವೂ ಧ್ವನಿಯ ಪಾಠ ಬರುತ್ತಿತ್ತು. ಪ್ರತಿ ಧ್ವನಿಗೂ ಒಂದು ಮೂಲ ಇರಲೇಬೇಕು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು. ಯಾರಾದರೂ ಎದ್ದು ಪ್ರಶ್ನೆ ಕೇಳಿಯಾರೆಂದು ನಾನು ಲಗುನೆ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.