ಹೂವಿನಜ್ಜಿಯ ಮುಖ ಬರೆಸಿದ್ದು

ಜೋಗುಪಾಳ್ಯದ ನಮ್ಮ ಗಲ್ಲಿಗೆ ಒಂದು ಬದಿಯಲ್ಲಿ ಬರೀ ಗೋಡೆ, ಯಾವುದೋ ಹಳೇ ಬಂಗಲೆಯ ಹಿಂಭಾಗ. ಆ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಅಜ್ಜಿ ಹೂವು ಮಾರುತ್ತಿದ್ದರು. ಅವರಿಂದ ಹತ್ತು ಹೆಜ್ಜೆ ಆಚೆ, ಹೋಗಿಬರುವ ಗಂಡಸರೆಲ್ಲ ಮೂತ್ರ ಮಾಡುತ್ತಿದ್ದರು. ಇಂಥ ಗೋಡೆಗಳಿಗೆ ಬೆಂಗಳೂರಿನವರು ಕಂಡುಕೊಂಡ ಮದ್ದು ದೇವರ ಚಿತ್ರವಿರುವ ಟೈಲ್ಸ್. ನಮ್ಮ ಗಲ್ಲಿಯ ಸಂಘದಲ್ಲೂ ಆ ಮಾತು ಬಂತು. ಮೂತ್ರಕ್ಕೆ ಕಾವಲು ನಿಲ್ಲಲು ದೇವರೇ ಬೇಕಾ ಎಂದು ನಾನು ರೇಗಿದೆ. ಹಲಸೂರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆನಲ್ಲ, ಗೋಡೆಯ ವಿಷಯದಲ್ಲಿ ಕೊನೆಯ ಮಾತು ನನ್ನದೇ ಆಗಬೇಕೆಂಬ ಜಂಬ ಇತ್ತು. ಗಲ್ಲಿಯವರದೇ ಮುಖಗಳನ್ನು ಬರೆಸೋಣ, ದಿನಾ ಎದುರಾಗುವವರ ಮುಖದ ಮುಂದೆ ಯಾರೂ ಹಾಗೆ ನಿಲ್ಲುವುದಿಲ್ಲ; ಬರೆಯುವವರೂ ನಮ್ಮ ಗಲ್ಲಿಯವರೇ ಆಗಲಿ ಎಂದೆ. ಎಲ್ಲರೂ ಒಪ್ಪಿದರು.

ನನ್ನ ಮನಸ್ಸಿನಲ್ಲಿದ್ದವರು ಗಲ್ಲಿಯ ಕೊನೆಯ ಬಾಡಿಗೆ ರೂಮಿನಲ್ಲಿದ್ದ ಬೋರ್ಡ್ ಬರೆಯುವವರು. ರಾಯಚೂರು ಕಡೆಯವರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ನಿಂತೇ ಹೋಗಿತ್ತು. ಅದಕ್ಕೂ ಮೊದಲು, ಯಾರಾದರೂ ಸತ್ತರೆ ರಸ್ತೆಯ ತಿರುವಿನಲ್ಲಿ ನಿಲ್ಲಿಸುವ ಶ್ರದ್ಧಾಂಜಲಿ ಬೋರ್ಡಿಗೆ ಸುತ್ತಮುತ್ತಲಿನವರೆಲ್ಲ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ.

"ಮೇಡಂ, ನಾ ಸತ್ತೋರ ಮಾರಿ ಬರ್ದೀನ್ರಿ. ಇದ್ದೋರ ಮಾರಿ ಒಂದೂ ಬರ್ದಿಲ್ಲ," ಎಂದರು.

"ಈಗ ಬರೀರಿ. ಕೆಳಗಡೆ ನಿಮ್ಮ ಹೆಸರೂ ಹಾಕ್ಬೇಕು," ಎಂದೆ.

ಹೆಸರು ಎಂದ ಕೂಡಲೇ ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಬೋರ್ಡುಗಳ ಕೆಳಗೆ ದುಃಖತಪ್ತ ಗೆಳೆಯರು, ಬಂಧುಗಳು ಎಂದು ಊರವರ ಹೆಸರನ್ನೆಲ್ಲ ಬರೆದ ಕೈ ಅದು. ತನ್ನ ಹೆಸರನ್ನು ಎಲ್ಲೂ ಬರೆದಿರಲಿಲ್ಲ. ಮಾರನೆಯ ದಿನ ಒಂದು ಹಾಳೆಯ ಮೇಲೆ ನಾಲ್ಕು ಥರ ಸಹಿ ಮಾಡಿ ತಂದು, ಯಾವುದು ಚೆಂದ ಎಂದು ನನ್ನನ್ನು ಕೇಳಿದರು.

ಇಸ್ತ್ರಿಯವರು, ಟೈಲರ್, ಹಾಲಿನವರು, ಹೀಗೆ ನಾಲ್ಕೈದು ಜನರಿಂದ ಫೋಟೋ ಸೇರಿಸಿದೆ. ಹೂವಿನಜ್ಜಿಯನ್ನೂ ಕೇಳಿದೆ. ಯಾತಕ್ಕೆ ಎಂದು ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಟೀಚರ್ ಕೇಳುತ್ತಿದ್ದಾರೆ, ಏನೋ ಸರ್ಕಾರದ ಕಾಗದಕ್ಕಿರಬೇಕು ಎಂದುಕೊಂಡಿರಬಹುದು. ಎಲೆಅಡಿಕೆ ಚೀಲದಿಂದ ಇದ್ದ ಒಂದೇ ಫೋಟೋ ತೆಗೆದು ಕೊಟ್ಟರು. ಬೋರ್ಡಿನವರು ತಮ್ಮ ಪದ್ಧತಿಯಂತೆ ಆ ಫೋಟೋ ಮೇಲೆ ಪೆನ್ನಿನಿಂದ ಚೌಕಗಳನ್ನು ಎಳೆದರು, ಅವೇ ಚೌಕಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ ಒಂದೊಂದನ್ನೇ ತುಂಬಿಸುತ್ತ ಹೋದರು.

ಅಜ್ಜಿ ತಿರುವಣ್ಣಾಮಲೈಗೆ ಹೋಗಿದ್ದ ನಾಲ್ಕು ದಿನದಲ್ಲಿ ಅವರ ಮುಖ ಗೋಡೆಯ ನಡುವೆ ಎದ್ದು ಬಂತು. ಕೆನ್ನೆಯ ಗುಳಿ, ಓಲೆಯ ಭಾರಕ್ಕೆ ಹರಿದ ಕಿವಿ, ಒಂದೂ ತಪ್ಪಿರಲಿಲ್ಲ. ಆದರೆ ಕೈಗೆ ರೂಢಿಯಾದ ಹಾಗೆಯೇ ಬರೆದಿದ್ದರು. ನೆಟ್ಟಗೆ ಮುಂದೆ ನೋಡುವ ಮುಖ, ಹಿಂದೆ ತಿಳಿನೀಲಿ, ತಲೆಯ ಸುತ್ತ ಬಿಳಿ ಬೆಳಕು. ಅದು ಶ್ರದ್ಧಾಂಜಲಿ ಬೋರ್ಡಿನ ಹಾಗೇ ಇದೆ ಎಂದು ಚಿತ್ರ ಕಲಿಸುವ ನನಗೆ ಹೊಳೆಯಲಿಲ್ಲ, ದಾರಿಯಲ್ಲಿ ಹೋಗುವವರಿಗೆಲ್ಲ ಹೊಳೆಯಿತು. ಗೋಡೆಯ ಮೇಲಿನ ಉಳಿದವರು ಗಲ್ಲಿಯಲ್ಲೇ ಓಡಾಡಿಕೊಂಡಿದ್ದರು, ಅಜ್ಜಿ ಮಾತ್ರ ಕಾಣುತ್ತಿರಲಿಲ್ಲ. ಯಾರೋ ಮೇಲಿದ್ದ ಹಳೇ ಮೊಳೆಗೆ ಸೇವಂತಿಗೆ ಹಾರ ಹಾಕಿದರು. ಇನ್ಯಾರೋ ಕೆ.ಆರ್. ಪುರದಲ್ಲಿದ್ದ ಅಜ್ಜಿಯ ಮಗಳಿಗೆ ಸಾವಿನ ಸುದ್ದಿ ಮುಟ್ಟಿಸಿದರು.

ಮಗಳು ಬೆಳಿಗ್ಗೆ ಬಂದಳು. ಆಟೋದಿಂದ ಇಳಿದವಳೇ ಗೋಡೆಯ ಬುಡದಲ್ಲಿ ಬಿದ್ದು ಎದೆ ಬಡಿದುಕೊಂಡು ಅತ್ತಳು. ನಿಮ್ಮಮ್ಮ ಊರಿಗೆ ಹೋಗಿದ್ದಾರೆ, ಚೆನ್ನಾಗಿದ್ದಾರೆ ಎಂದು ನಾವು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ಅಷ್ಟರಲ್ಲಿ ಬಸ್ಸಿಳಿದು ಚೀಲ ಹಿಡಿದುಕೊಂಡು ಅಜ್ಜಿ ಬಂದರು. ತನ್ನ ಮುಖ, ಅದಕ್ಕೊಂದು ಹಾರ, ಕೆಳಗೆ ತನಗಾಗಿ ಅಳುತ್ತಿರುವ ಮಗಳು, ಎಲ್ಲವನ್ನೂ ಒಟ್ಟಿಗೆ ಕಂಡರು.

ಗಲ್ಲಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಜ್ಜಿ ನಗಲಿಲ್ಲ. ಮಗಳ ಕಣ್ಣೊರೆಸಿ ಎಬ್ಬಿಸಿ, ನನ್ನ ಹತ್ತಿರ ಬಂದರು.

"ಅಳ್ಸಿಬಿಡಮ್ಮಾ."

"ಅದು ಬರೀ ಬಣ್ಣ ಅಜ್ಜಿ. ಏನೂ ಆಗಲ್ಲ."

"ನಾನ್ ಸತ್ರೆ ಅಳೋದ್ನ ನನ್ ಮಗ್ಳು ಈಗ್ಲೇ ಅತ್ಬಿಟ್ಲಮ್ಮಾ. ಇನ್ನ ನಾನ್ ಹೋಗೋದೊಂದೇ ಬಾಕಿ."

ಭಾನುವಾರ ಉದ್ಘಾಟನೆ ಇತ್ತು, ಅತಿಥಿಗಳಿಗೆ ಹೇಳಿಯಾಗಿತ್ತು. ಅದು ಮುಗಿಯಲಿ, ಆಮೇಲೆ ಅಳಿಸೋಣ ಎಂದೆ. ಅಳಿಸುವ ಯೋಚನೆ ನನಗಿರಲಿಲ್ಲ. ಆ ವಯಸ್ಸಾದ ಜೀವಕ್ಕೆ ಮುಖ ನೋಡಿ ಸುಳ್ಳು ಹೇಳಿದೆ.

ಮಾರನೆಯ ದಿನದಿಂದ ಅಜ್ಜಿ ಬುಟ್ಟಿ ತರಲಿಲ್ಲ. ಚಾಪೆ ಬಿಟ್ಟು ಎದ್ದಿಲ್ಲ, ಕಾಫಿ ಬಿಟ್ಟರೆ ಏನೂ ಮುಟ್ಟುತ್ತಿಲ್ಲ ಎಂದು ಅವರ ಪಕ್ಕದ ಮನೆಯವರು ಹೇಳಿದರು. ಹೋಗಿ ನೋಡಬೇಕಿತ್ತು, ಹೋಗಲಿಲ್ಲ. ಶುಕ್ರವಾರ ಬೋರ್ಡಿನವರು ಶಾಲೆಯ ಗೇಟಿನ ಹತ್ತಿರ ಕಾದಿದ್ದರು.

"ಅಳಸ್ಲೇನ್ರಿ ಮೇಡಂ?"

"ನಿಮ್ಮ ಹೆಸರಿರೋ ಗೋಡೆ ರೀ ಅದು. ಹೊಟ್ಟೆ ಉರಿಯಲ್ವಾ ನಿಮಗೆ?"

"ಉರೀತೈತ್ರಿ," ಎಂದರು. ಹೊರಟು ಹೋದರು.

ಭಾನುವಾರ ಬೆಳಿಗ್ಗೆ ನಾನು ರಂಗೋಲಿ ಹಾಕಿಸಲು ಹೋದಾಗ ಬೋರ್ಡಿನವರು ಅಜ್ಜಿಯ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದ್ದರು. ಬಿಳಿ ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಚಿತ್ರದ ಎರಡೂ ಕಣ್ಣಿನ ಮೇಲೆ ಒಂದೊಂದು ಸಲ ಎಳೆದರು. ಮತ್ತೆ ಕೈ ಎತ್ತಲಾಗದೆ ಬ್ರಷ್ ವಾಪಸ್ ಕೊಟ್ಟರು. ಉಳಿದ ಮುಖದ ಮೇಲೆ ಬೋರ್ಡಿನವರೇ ಬಳಿದರು. ಆಮೇಲೆ ಬಗ್ಗಿ ಮೂಲೆಯಲ್ಲಿದ್ದ ತಮ್ಮ ಹೆಸರಿನ ಮೇಲೂ ಬಳಿದರು.

"ಹೆಸರು ಯಾಕ್ರೀ? ಬೇರೆ ಮುಖಗಳು ಇವೆಯಲ್ಲ, ಅದಿರಲಿ," ಎಂದೆ.

"ಬ್ಯಾಡ್ರಿ. ಒಬ್ಬಾಕಿನ್ನ ಜೀವ ಇರೂವಾಗನ ಸಾಯ್ಸೀನಿ. ಹೆಸರ ಹಾಕ್ಕೊಳ್ಳಾಕ ಮನಸ ಆಗವಲ್ದು."

ತಪ್ಪು ನಿಮ್ಮದಲ್ಲ, ನನ್ನದು ಎಂದು ಹೇಳಬೇಕಿತ್ತು. ಆ ನಾಚಿಕೆ ಈಗಲೂ ಹೋಗಿಲ್ಲ.

ಸೋಮವಾರ ಅಜ್ಜಿ ಬುಟ್ಟಿ ತಂದು ಅದೇ ಜಾಗದಲ್ಲಿ ಕೂತರು. ಆಮೇಲೂ ಎಷ್ಟೋ ವರ್ಷ ಬದುಕಿದರು. ಶಾಲೆಗೆ ಹೋಗುವಾಗ ದಿನಾ ಒಂದು ಮೊಳ ಮಲ್ಲಿಗೆ ಕೊಳ್ಳುತ್ತಿದ್ದೆ. ಹೂವು ನೋಡುತ್ತಿದ್ದೆ, ಅಳೆಯುವ ಕೈ ನೋಡುತ್ತಿದ್ದೆ, ಮುಖ ನೋಡಲು ಧೈರ್ಯ ಬರುತ್ತಿರಲಿಲ್ಲ.

ಅವರು ತೀರಿಕೊಂಡಾಗ, ಹಾರ ಹಾಕಲು ಅಮ್ಮನದೊಂದು ಚಿತ್ರ ಬೇಕೆಂದು ಮಗಳು ನಮ್ಮ ಮನೆಗೆ ಬಂದಳು. ಇದ್ದ ಒಂದು ಫೋಟೋ ಚೌಕ ಎಳೆದು ಹಾಳಾಗಿತ್ತು. ವೋಟರ್ ಕಾರ್ಡಿನಲ್ಲಿ ಎಲ್ಲರ ಹಾಗೆ ಅವರ ಮುಖವೂ ಬರೀ ಕಪ್ಪು. ಬೋರ್ಡಿನವರು ಹೊರಮಾವಿನ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಬಳಿಯಲು ಹೋದವರು, ಎಲ್ಲಿದ್ದಾರೆಂದು ಯಾರಿಗೂ ತಿಳಿಯದು.

"ಟೀಚರಮ್ಮಾ, ನೀವ್ ಅಮ್ಮನ್ನ ದಿನಾ ನೋಡ್ತಿದ್ರಲ್ಲ. ನೀವೇ ಬರ್ದ್ಕೊಡಿ," ಎಂದಳು.

ಪೆನ್ಸಿಲ್ ಹಿಡಿದು ಅವಳ ಮುಂದೆಯೇ ಕೂತೆ. ಹೂ ಕಟ್ಟುವ ಬೆರಳುಗಳು ಬಂದವು. ಬಾಳೆನಾರು ಬಂತು. ಮುಖ ಬರಲಿಲ್ಲ.