ಬಾಯಿ ಮಾಡುವ ಕೇರಿ, ಬಾಯಿ ಬಿಡದ ಕೇರಿ

ಕಡಲ ದಂಡೆಯ ಆ ಎರಡು ಕೇರಿಗಳ ನಡುವೆ ಇದ್ದದ್ದು ಒಂದು ಕೊಳಚೆ ಕಾಲುವೆ. ಅಜ್ಜಂದಿರ ಕಾಲದಲ್ಲಿ ಅದೂ ಇರಲಿಲ್ಲವಂತೆ. ಒಂದೇ ಕೇರಿ, ಒಂದೇ ಬಲೆ. ಸ್ವಭಾವ ಮಾತ್ರ ಎಣ್ಣೆ ಸೀಗೆಕಾಯಿ! ಆಚೆಯವರು ಸಾರಿಗೆ ಉಪ್ಪು ಕಡಿಮೆಯಾದರೂ ಊರಿಗೆಲ್ಲ ಕೇಳುವಂತೆ ಕೂಗಾಡಿ, ಮರುಗಳಿಗೆ ಅದನ್ನೇ ಸುರಿದುಕೊಂಡು ಉಣ್ಣುವವರು. ಈಚೆಯವರು ಮನೆ ಮುಳುಗಿದರೂ ತುಟಿ ಪಿಟಕ್ಕೆನ್ನದವರು. ಆದರೆ ಮನಸ್ಸಿಗೆ ಹೊಕ್ಕದ್ದನ್ನು ಮಾಡಿಯೇ ತೀರುವವರು.

ಐಸಕ್ಕ ಈಚೆ ಹುಟ್ಟಿ ಆಚೆಗೆ ಸೊಸೆಯಾಗಿ ಹೋದವಳು. ಮಂಜುಗಡ್ಡೆ ಕಾರ್ಖಾನೆಯಲ್ಲಿ ಮರದ ಕೊಡತಿಯಿಂದ ಗಡ್ಡೆ ಒಡೆದು ಎರಡೂ ಕೇರಿಯ ಮೀನಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಮದುವೆಯಾದ ಹೊಸತರಲ್ಲಿ, ಸ್ನಾನದ ನೀರು ಆರಿದೆಯೆಂದು ಗಂಡ “ಕೊಂದ್ಹಾಕ್ತೀನಿ” ಎಂದು ಅಬ್ಬರಿಸಿದಾಗ ಬಾಗಿಲ ಹಿಂದೆ ಅಡಗಿದ್ದಳು. ಅತ್ತೆ ಬಿದ್ದು ಬಿದ್ದು ನಕ್ಕಿದ್ದಳು. ದೋಣಿ ನಡೆಸುವ ಅವಳ ಗಂಡ ಕದ್ದು ಹಾಲು ಕುಡಿದ ಬೆಕ್ಕಿಗೂ ಕೈ ಎತ್ತಿದವನಲ್ಲ. ಆದರೂ ಆ ಮಾತು ಬಿದ್ದಾಗಲೆಲ್ಲ ಅವಳು ಕೈಲಿದ್ದದ್ದನ್ನು ಬಿಟ್ಟು ಬಾಗಿಲ ಕಡೆ ಸರಿಯುತ್ತಿದ್ದಳು. ತವರಿನಲ್ಲಿ ಅಂಥ ಮಾತನ್ನು ಯಾರೂ ಸುಮ್ಮಸುಮ್ಮನೆ ಆಡುತ್ತಿರಲಿಲ್ಲ.

ಆಮೇಲೆ ಆಚೆ ಕೇರಿಯವರು ಅಲೆ ತಡೆಯಲು ದಂಡೆಗೆ ಬಂಡೆಗಲ್ಲು ಪೇರಿಸಿದರು. ಅಲ್ಲಿ ಜಾಗ ಸಿಗದ ಕಡಲು ಈಚೆಗೆ ನುಗ್ಗಿತು. ಅವಳ ತವರಿನ ಅಡುಗೆಮನೆ ಒಲೆಯ ಸಮೇತ ನೀರುಪಾಲಾಯಿತು. ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ, ಬಲೆ ಹೆಣೆಯುವವ, ಬಂದು ಕಲ್ಲುಗಳನ್ನು ನೋಡುತ್ತ ನಿಂತ. ಅಕ್ಕ ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದ.

ಮರುದಿನ ಬೆಳಿಗ್ಗೆ ಈಚೆಯವರು ಕಲ್ಲು ಉರುಳಿಸಲು ಹಾರೆ ಹಿಡಿದು ಬಂದರು. ಆಚೆಯವರು ದೋಣಿಯ ಹುಟ್ಟು ಹಿಡಿದು ಎದುರಿಗೆ ಓಡಿಬಂದರು. ಒಬ್ಬನ ಹಲ್ಲು ಉದುರಿತು, ಇನ್ನೊಬ್ಬನ ಕಿವಿ ಹರಿದು ಜೋತಾಡಿತು, ಮರಳು ಕೆಂಪಾಯಿತು. ತಮ್ಮನೂ ಗಂಡನೂ ಅಲ್ಲೇ ಇದ್ದಾರೆಂದು ಕೇಳಿದ್ದೇ ತಡ, ಐಸಕ್ಕ ಕೊಡತಿ ಕೆಳಗಿಡುವುದನ್ನೂ ಮರೆತು ಓಡಿದಳು. ಇಬ್ಬರೂ ಬದುಕಿದರೆ ಸಾಕಿತ್ತು ಅವಳಿಗೆ.

ಗಂಡ ಅವಳ ತಮ್ಮನ ತಲೆಯ ಮೇಲೆ ಹುಟ್ಟು ಎತ್ತಿ ನಿಂತಿದ್ದ.

“ಇನ್ನೊಂದು ಕಲ್ಲು ಮುಟ್ಟು, ಕೊಂದ್ಹಾಕ್ತೀನಿ ನಿನ್ನ!”

ತಮ್ಮ ಹಾರೆ ಇಳಿಬಿಟ್ಟು ಸುಮ್ಮನಿದ್ದ. ಐಸಕ್ಕ ಹಿಂದೆ ಮುಂದೆ ನೋಡಲಿಲ್ಲ. ಕೊಡತಿಯನ್ನು ಬೀಸಿ ಗಂಡನ ಮಣಿಕಟ್ಟಿಗೆ ಹೊಡೆದಳು. ಮೂಳೆ ಲಟಕ್ಕೆಂದಿತು, ಹುಟ್ಟು ಬಿತ್ತು. ಅವನು ತಿರುಗಿದ. ಕೂಗಲಿಲ್ಲ.

“ಏನೇ ಇದು?” ಎಂದ, ಮೆಲ್ಲಗೆ.

ಆಗ ತಮ್ಮ ಹಾರೆ ಎತ್ತಿ ಅವನ ತಲೆಗೆ ಹೊಡೆದ. ಬಿದ್ದ ಮೇಲೆ ಮತ್ತೊಂದು ಹೊಡೆದ. ಆಗಲೂ ಬಾಯಿ ಬಿಡಲಿಲ್ಲ.

ಪೊಲೀಸರು ತಮ್ಮನನ್ನು ಎಳೆದೊಯ್ದರು. ಶವದ ಗಾಡಿ ಬರುವವರೆಗೆ ಹೆಣವನ್ನು ಕಾರ್ಖಾನೆಯಲ್ಲಿ ಮಲಗಿಸಿದರು. ಸುಡುಬಿಸಿಲು, ಮಂಜುಗಡ್ಡೆ ಬೇಕೇಬೇಕು. ಗಡ್ಡೆ ಒಡೆಯಲು ಬಂದವರನ್ನು ಐಸಕ್ಕ ಸರಿಸಿ ತಾನೇ ಕೂತಳು. ಇಡೀ ಕೇರಿಯನ್ನು ಬಾಯಲ್ಲೇ ಆಳುತ್ತಿದ್ದ ಅತ್ತೆ ಮಗನ ಪಕ್ಕ ಮೂಕಿಯಾಗಿದ್ದಳು. ಸೊಸೆಯ ಕೈಯ ಕೊಡತಿಯನ್ನು ನೋಡುತ್ತ ಕೇಳಿದಳು.

“ಅವನು ಹೊಡೀತಿರ್ಲಿಲ್ಲ ಕಣೇ. ನಿಂಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು ಅತ್ತೆ,” ಎಂದು ಐಸಕ್ಕ ಪುಡಿಗಡ್ಡೆಯನ್ನು ಬೊಗಸೆಯಲ್ಲಿ ತುಂಬಿಕೊಂಡು, ಮೊದಲು ಆ ಮುರಿದ ಕೈಯ ಸುತ್ತ ಇಟ್ಟಳು.